ಕೊನೆಯ ಉಂಡೆ ಗೋರಂಟಿ

ಮೊನ್ನೆ ಯಲಹಂಕದ ಬಳೆ ಅಂಗಡಿಯೊಂದರಲ್ಲಿ ಒಬ್ಬಾಕೆ ಮೆಹಂದಿ ಕೋನಿನ ತುದಿ ಕತ್ತರಿಸಿದಾಗ ಸೀಮೆಎಣ್ಣೆಯಂಥ ಘಾಟು ಮೂಗಿಗೆ ಬಡಿಯಿತು. ಸುತ್ತ ನಿಂತ ಹುಡುಗಿಯರಿಗೆ ಅದು ಮದುವೆಮನೆಯ ವಾಸನೆ. ನನಗೆ ಮಾತ್ರ ಹಳೆಯ ಸಿಟ್ಟೆಲ್ಲ ಒಮ್ಮೆಲೇ ಎದ್ದು ನಿಂತಿತು. ಇಷ್ಟು ವರ್ಷವಾದರೂ ಆರದ ಸಿಟ್ಟು ಅದು. ಆರಲಿ ಎಂದು ನಾನೂ ಬಯಸಿದವಳಲ್ಲ.

ಅಬ್ಬಿಗೆರೆ ಇನ್ನೂ ಹಳ್ಳಿಯಾಗಿದ್ದಾಗ ನಮ್ಮ ಹಿತ್ತಿಲಿಗೆ ಗೋರಂಟಿ ಗಿಡಗಳದೇ ಬೇಲಿ. ಅಪ್ಪನ ತಾಯಿ, ನಮ್ಮಜ್ಜಿ, ಬಿಸಿಲೇರುವ ಮುಂಚೆ ಎಳೆ ಸೊಪ್ಪು ಬಿಡಿಸಿ, ಹುಣಸೆಹಣ್ಣು ಸೇರಿಸಿ ಒರಳಿನಲ್ಲಿ ನುಣ್ಣಗೆ ರುಬ್ಬುತ್ತಿದ್ದಳು. ಹಸಿ ಸೊಪ್ಪಿನ ಆ ವಾಸನೆ ಮಧ್ಯಾಹ್ನದವರೆಗೂ ಪಡಸಾಲೆ ಬಿಟ್ಟು ಕದಲುತ್ತಿರಲಿಲ್ಲ. ಬೆರಳ ತುದಿಗಳಿಗೆಲ್ಲ ಟೋಪಿ, ಅಂಗೈ ನಡುವೆ ಒಂದು ದುಂಡು ಬೊಟ್ಟು, ಅಷ್ಟೇ ಅವಳ ಚಿತ್ತಾರ. ತೊಳೆದಾಗ ಬರೀ ಕಿತ್ತಳೆ ಬಣ್ಣ ಕಂಡು ನಾವು ಮುಖ ಊದಿಸಿಕೊಂಡರೆ, ನಾಳೆ ನೋಡಿ ಎನ್ನುತ್ತಿದ್ದಳು. ಮಾರನೆಯ ದಿನ ಅದು ಕಡುಗೆಂಪಾಗಿರುತ್ತಿತ್ತು. ಒರಳು ಬಳಿದಾಗ ಸಿಗುವ ಕೊನೆಯ ಉಂಡೆಯನ್ನು ಮನೆಯ ಹಿರಿಯ ಹೆಂಗಸಿನ ಅಂಗೈಗಿಟ್ಟ ಮೇಲೇ ಒರಳು ತೊಳೆಯುವುದು ನಮ್ಮ ಮನೆಯ ಪದ್ಧತಿ. ಅಜ್ಜಿಯ ಅಂಗೈಗೆ ಅದನ್ನಿಡುವ ಕೆಲಸ ನನ್ನದು. ಅವಳ ಕೈ ಸದಾ ಬೆಚ್ಚಗಿರುತ್ತಿತ್ತು. ಅಂಥ ಕೈ ನಿಮ್ಮ ಮನೆಯಲ್ಲೂ ಇದ್ದಿದ್ದರೆ, ಮುಂದಿನದನ್ನು ನಾನು ಯಾಕೆ ಮರೆಯಲಿಲ್ಲ ಎಂದು ನೀವು ಕೇಳುವುದಿಲ್ಲ.

ನನ್ನಕ್ಕ ಲತಾಳ ನಿಶ್ಚಿತಾರ್ಥಕ್ಕೆ ಎರಡು ದಿನ ಮುಂಚೆ ಚಿಕ್ಕಪ್ಪನ ಹೆಂಡತಿ ಪೇಟೆಯಿಂದ ಕಪ್ಪು ಮೆಹಂದಿಯ ಕೋನು ತಂದಳು. ಬೀಗರೆದುರು ಹಳ್ಳಿಗುಗ್ಗುಗಳ ಹಾಗೆ ಬೊಟ್ಟು ಇಟ್ಟುಕೊಂಡು ಕೂರಬೇಕಾ ಎಂದು ನಕ್ಕಳು. ಅಜ್ಜಿ ಕೋನನ್ನು ಮೂಸಿ ಪಕ್ಕಕ್ಕಿಟ್ಟಳು.

“ಸೊಪ್ಪು ಇಂಗೆ ನಾರಾಕಿಲ್ಲ ಕಣವ್ವ. ಗಳಿಗೇಲಿ ಕರ್ರಗಾಗೋದು ಗೋರಂಟಿ ಅಲ್ಲ. ಮಗೀಗೆ ಅಚ್ಬೇಡ.”

ಚಿಕ್ಕಮ್ಮ ಹಚ್ಚಿಯೇಬಿಟ್ಟಳು. ಬೀಗರು ಬರುವ ಹೊತ್ತಿಗೆ ಅಕ್ಕನ ಎಡ ಮುಂಗೈಯಲ್ಲಿ ಬಳ್ಳಿ ಬರೆದಲ್ಲೆಲ್ಲ ಬೊಬ್ಬೆ ಎದ್ದು ನೀರು ಸೋರುತ್ತಿತ್ತು. ಇದೇನು ಕಾಯಿಲೆ ಎಂದು ಅವರು ಕೇಳಿದಾಗ ಚಿಕ್ಕಮ್ಮ ತನ್ನ ತಲೆ ಉಳಿಸಿಕೊಳ್ಳಲು, ಇವಳ ರಕ್ತವೇ ಸರಿಯಿಲ್ಲ, ಚಿಕ್ಕಂದಿನಿಂದಲೂ ಹೀಗೇ ಎಂದುಬಿಟ್ಟಳು. ಅವರು ಊಟ ಕೂಡ ಮಾಡದೆ ಎದ್ದು ಹೋದರು. ಅಜ್ಜಿ ಆಮೇಲೆ ಒರಳಿನ ಮುಂದೆ ಕೂರಲೇ ಇಲ್ಲ, ಮುಂದಿನ ಯುಗಾದಿಗೆ ಅವಳೇ ಇರಲಿಲ್ಲ. ಬಾಡಿಗೆ ಮನೆ ಕಟ್ಟಲು ಚಿಕ್ಕಪ್ಪ ಬೇಲಿ ಕೀಳಿಸಿದಾಗ ನಾನೊಂದು ಕಡ್ಡಿ ಮುರಿದುಕೊಂಡು ಬಂದು ಒಡೆದ ಬಕೆಟ್ಟಿನಲ್ಲಿ ನೆಟ್ಟೆ. ಅಕ್ಕ ತಡವಾಗಿ ಮದುವೆಯಾಗಿ ದಾಸರಹಳ್ಳಿ ಸೇರಿದಳು. ಆ ಬಳ್ಳಿ ಇವತ್ತಿಗೂ ಅವಳ ಮುಂಗೈ ಮೇಲೆ ಉಬ್ಬಿಕೊಂಡಿದೆ. ಆ ಕೋನಿನಲ್ಲಿದ್ದ ರಾಸಾಯನಿಕವೇ ತಲೆಯ ಬಣ್ಣದಲ್ಲೂ ಇರುತ್ತದಂತೆ, ಹಚ್ಚಿದರೆ ಮುಖವೆಲ್ಲ ಬಾತುಕೊಳ್ಳುತ್ತದೆ, ಹಾಗಾಗಿ ಅವಳ ಕೂದಲು ಪೂರ್ತಿ ಬೆಳ್ಳಗೆ. ಚಿಕ್ಕಮ್ಮನದು ಇನ್ನೂ ಕರ್ರಗೆ ಮಿಂಚುತ್ತದೆ.

ಬಳೆ ಅಂಗಡಿಗೆ ಹೋಗಿದ್ದ ವಾರವೇ ಆ ಚಿಕ್ಕಮ್ಮ ನನ್ನ ಮನೆಗೆ ಬಂದಳು. ಅವಳ ಮಗಳು ಮೇಘನಾಳ ಮದುವೆ.

“ನಿನ್ ಗಿಡದ್ ಸೊಪ್ಪೇ ಆಗ್ಬೇಕಮ್ಮ,” ಅಂದಳು. “ಅಂಗ್ಡೀದು ನಂಬೋಕಾಗಲ್ಲ. ಲತಾಗ್ ಆಗಿದ್ದು ನೋಡಿದೀವಲ್ಲ.”

ಕೆಟ್ಟದ್ದು ಅಕ್ಕನ ರಕ್ತವಲ್ಲ, ಆ ಕೋನು ಎಂದು ಗೊತ್ತಿತ್ತು ಅವಳಿಗೆ. ಇಷ್ಟೂ ವರ್ಷ ಗೊತ್ತಿತ್ತು. ಬಾಗಿಲು ಹಾಕಿಬಿಡೋಣ ಅನಿಸಿತು. ಆದರೆ ಮೇಘನಾ ನನಗೇನೂ ಮಾಡಿದವಳಲ್ಲ. ಸೊಪ್ಪು ಕಟ್ಟಿಕೊಂಡು, ಅಕ್ಕನನ್ನೂ ಕರೆದುಕೊಂಡು ಅಬ್ಬಿಗೆರೆಗೆ ಹೋದೆ. ಹಿತ್ತಿಲಿದ್ದ ಜಾಗದಲ್ಲಿ ಮೂರಂತಸ್ತಿನ ಕಟ್ಟಡ, ಅದರ ಮೆಟ್ಟಿಲ ಕೆಳಗೆ ಚಪ್ಪಲಿಗಳ ನಡುವೆ ಅಜ್ಜಿಯ ಒರಳು. ತೊಳೆದು, ರುಬ್ಬಿ, ಮೇಘನಾಳ ಬೆರಳಿಗೆಲ್ಲ ಟೋಪಿ ಹಾಕಿದೆ. ನೆಂಟರೆಲ್ಲ ಸುತ್ತ ಕೂತಿದ್ದರು. ಕೊನೆಯ ಉಂಡೆ ಬಳಿಯುತ್ತಿದ್ದಂತೆ, ನಮ್ಮಮ್ಮನೂ ಹೋದ ಮೇಲೆ ಮನೆಗೆ ಹಿರಿಯಳಾದ ಚಿಕ್ಕಮ್ಮ ತಾನಾಗಿಯೇ ಅಂಗೈ ಚಾಚಿದಳು.

ನಾನು ಅಕ್ಕನ ಕಡೆ ತಿರುಗಿದೆ.

“ಇದು ಲತಕ್ಕಂಗೆ. ಯಾಕೆ ಅಂತ ನೀವೇ ಹೇಳಿ ಚಿಕ್ಕಮ್ಮ.”

ನೆಂಟರ ಕಣ್ಣೆಲ್ಲ ಅಕ್ಕ ಸೆರಗಿನೊಳಗೆ ಮರೆಮಾಡಿಕೊಂಡ ಮುಂಗೈ ಮೇಲೆ. ಅಕ್ಕ ಉಂಡೆ ಹಿಡಿದಿದ್ದ ನನ್ನ ಕೈಯತ್ತ ಬಾಗಿ ಅಜ್ಜಿಯ ಹಾಗೇ ಮೂಸಿದಳು, ಆಮೇಲೆ ಸೆರಗಿನೊಳಗಿದ್ದ ಕೈ ಪೂರ್ತಿ ಹೊರಗೆ ತೆಗೆದು ಅಂಗೈ ಬಿಚ್ಚಿದಳು. ನಾನು ಉಂಡೆ ಇಡುವಾಗ ಆ ಕೈ ಅಜ್ಜಿಯ ಕೈಯಷ್ಟೇ ಬೆಚ್ಚಗಿತ್ತು. ಚಿಕ್ಕಮ್ಮನ ಕೈ ಇನ್ನೂ ಚಾಚಿಯೇ ಇತ್ತು. ನಾನು ನೀರು ಹೊಯ್ದು ಒರಳು ತೊಳೆದುಬಿಟ್ಟೆ.