ಬಸ್ಸಿನಲ್ಲೇ ಉಳಿದ ಗಿಳಿಹಸಿರು ಸೀರೆ

ಮದುವೆಯಾಗಿ ಬಂದ ಮರುವಾರದಿಂದಲೂ ಹ್ಯಾಟನ್ ಪೇಟೆಯ ಮೇಲಿನ ಬೆಟ್ಟದ ಆ ತೋಟದಲ್ಲಿ ಚಹಾ ಚಿಗುರು ಕಿತ್ತವಳು ವೀರಾಯಿ. ಜೋರಾಗಿ ಮಾತಾಡಿ ಗೊತ್ತಿಲ್ಲ. ಆಳುಗಳ ಮೇಸ್ತ್ರಿ ಕಂಗಾಣಿ ಬೈದರೆ ತಲೆ ತಗ್ಗಿಸುತ್ತಿದ್ದಳು, ಗಂಡ ಬದುಕಿದ್ದಾಗ ಅವನು ಬೈದರೂ ತಲೆ ತಗ್ಗಿಸುತ್ತಿದ್ದಳು. ತಗ್ಗಿಸಿ ತಗ್ಗಿಸಿ ಅವಳ ಕುತ್ತಿಗೆ ಹಾಗೇ ನಿಂತುಬಿಟ್ಟಿದೆ ಎಂದು ಸಾಲುಮನೆಯ ಹೆಂಗಸರು ನಗುತ್ತಾರೆ. ನಗುವವರಿಗೇನು, ಅವರ ಕುತ್ತಿಗೆಯೂ ಹೆಚ್ಚುಕಡಿಮೆ ಹಾಗೇ ಇದೆ.

ಅವಳಿಗಿದ್ದವಳು ಒಬ್ಬಳೇ ಮಗಳು, ಯೋಗೇಸ್ವರಿ, ಮನೆಯಲ್ಲಿ ಯೋಗ. ಪರೀಕ್ಷೆಯಲ್ಲಿ ಫೇಲಾದ ವರ್ಷ ಕೊಲಂಬೊದ ಒಂದು ಮನೆಗೆ ಕೆಲಸಕ್ಕೆ ಹೋದಳು. ಹೋದಮೇಲೆ ಎರಡು ದೀಪಾವಳಿ ಬಂದವು, ಮಗಳು ಬರಲಿಲ್ಲ. ಮನೆಯೊಡತಿಯನ್ನು ಅವಳು ನೋನಾ ಎನ್ನುತ್ತಿದ್ದಳು. ಶನಿವಾರ ಸಂಜೆ ನೋನಾ ತನ್ನ ಫೋನು ಕೊಟ್ಟರೆ ಅಮ್ಮನ ಜೊತೆ ನಾಲ್ಕು ಮಾತು. ಆ ನಂಬರಿಗೆ ತಿರುಗಿ ಮಾಡಕೂಡದು ಎಂದು ಮೊದಲೇ ಕಟ್ಟಪ್ಪಣೆಯಾಗಿತ್ತು.

ತೋಟದವರ ಬಸ್ಸು ಈ ಸಲವೂ ಭಾನುವಾರ ಕೊಲಂಬೊಗೆ ಹೋಗುತ್ತದೆ, ಬೆಳಿಗ್ಗೆ ಸಂತ ಅಂತೋಣಿಯಾರ್ ಇಗರ್ಜಿ, ಆಮೇಲೆ ಸಮುದ್ರ, ಆಮೇಲೆ ಮೃಗಾಲಯ ಎಂದಾಗ ವೀರಾಯಿ ಮೊದಲ ದಿನವೇ ಹೆಸರು ಕೊಟ್ಟಳು. ಅವಳು ಮಾರಿಯಮ್ಮನ ಒಕ್ಕಲು. ಆದರೆ ಕಳೆದದ್ದನ್ನು ಹುಡುಕಿಕೊಡುವ ಸಂತನ ಮುಂದೆ ತೋಟದ ಜನಕ್ಕೆ ಒಕ್ಕಲು, ಮತ ಯಾವುದೂ ಅಡ್ಡ ಬರುವುದಿಲ್ಲ. ಫೋನಿನಲ್ಲಿ ವಿಷಯ ಕೇಳಿ ಯೋಗ ಕುಣಿದಳು.

"ನಮ್ಮ ನೋನಾನೂ ಭಾನುವಾರ ಅಲ್ಲಿಗೇ ಬರ್ತಾರಮ್ಮ! ಅವ್ರು ಮೇಣದಬತ್ತಿ ಹಚ್ಚಿ ಕೈಮುಗಿಯೋ ಹೊತ್ತು ಮಾತ್ರ ನಂಗೆ ಬಿಡುವು. ನಾನು ಕಳ್ಸಿದ ಹಸಿರು ಸೀರೆ ಉಟ್ಕೊಂಡು ಬಾ. ಎಷ್ಟೇ ಜನ ಇರ್ಲಿ, ಬಾಗಿಲಿಂದ್ಲೇ ಕಂಡು ಓಡಿ ಬರ್ತೀನಿ. ರೊಟ್ಟಿ ತರ್ತೀಯಲ್ಲ?"

ಮಗಳು ಮೊದಲ ಸಂಬಳದಲ್ಲಿ ಕಳಿಸಿದ ಗಿಳಿಹಸಿರು ಸೀರೆ ಅದು. ತೋಟದಲ್ಲಿ ಅಂಥ ಬಣ್ಣ ಇನ್ನೊಬ್ಬರ ಮೈಮೇಲಿರಲಿಲ್ಲ.

ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಇಲ್ಲಿ ಪೂಜಾರಿ ಎಂದರೆ ತೋಟದ ಸಂಘದ ತಲೈವರ್ ಪೆರಿಯಣ್ಣನ್. ಕೊರಳಲ್ಲಿ ಸೀಟಿ, ಜೇಬಿನಲ್ಲಿ ಎರಡು ಪೆನ್ನು. ಹಿಂದಿನ ವರ್ಷ ಕೊಲಂಬೊದ ಪೇಟೆಯಲ್ಲಿ ಒಬ್ಬ ಮುದುಕಿ ತಪ್ಪಿಸಿಕೊಂಡು, ಅವಳನ್ನು ಹುಡುಕುವಷ್ಟರಲ್ಲಿ ಅವನ ಪ್ರಾಣ ಬಾಯಿಗೆ ಬಂದಿತ್ತು. ಅದಕ್ಕೇ ಈ ಸಲ ಕಟ್ಟುನಿಟ್ಟು: ಹೆಂಗಸರೆಲ್ಲ ಒಂದೇ ನೀಲಿ ಸೀರೆ, ಹಳದಿ ಅಂಚು. ಬಸ್ಸು ಹೊರಡುವ ಶನಿವಾರ ಸಂಜೆ ಮಗಳ ಫೋನು ಬರಲಿಲ್ಲ, ಸೀರೆ ಬದಲಾದದ್ದನ್ನು ತಿಳಿಸಲಾಗಲಿಲ್ಲ. ರಾತ್ರಿ ವೀರಾಯಿ ಅವನೆದುರು ನಿಂತು, ನೆಲಕ್ಕೆ ಹೇಳುವಂತೆ ವಿಷಯ ಹೇಳಿದಳು.

"ಊರಿಗೊಬ್ಬಳೇ ಪದ್ಮಾವತಿ ಅಂತ ನೀನೊಬ್ಳು ಹಸಿರು ಉಡ್ತೀಯಾ?" ಎಂದ ಪೆರಿಯಣ್ಣನ್. "ನಿಂಗೆ ಬಿಟ್ರೆ ನಾಳೆ ಎಲ್ರಿಗೂ ಒಂದೊಂದು ಬಣ್ಣ ಬೇಕು. ಹೆತ್ತ ತಾಯಿ ಮುಖ ಮಗಳಿಗೆ ಗೊತ್ತಾಗಲ್ವಾ? ಸೀರೇನೇ ನೋಡ್ಬೇಕಾ?"

ವೀರಾಯಿ ಸಾಲುಮನೆಗೆ ಮರಳಿದಳು. ನೀಲಿ ಉಟ್ಟು, ಹಸಿರನ್ನು ರೊಟ್ಟಿಯ ಪೊಟ್ಟಣದ ಜೊತೆ ಚೀಲಕ್ಕೆ ಹಾಕಿಕೊಂಡಳು. ಇಗರ್ಜಿಯ ಹತ್ತಿರ ಹೆಗಲ ಮೇಲಾದರೂ ಹೊದ್ದುಕೊಂಡರಾಯಿತು ಎಂದು ಧೈರ್ಯ ತಂದುಕೊಂಡಳು.

ಬೆಳಿಗ್ಗೆ ಇಗರ್ಜಿಯ ಮುಂದೆ ಬಸ್ಸು ನಿಂತದ್ದೇ ತಡ, ಸೀಟಿ ಕೂಗಿತು. "ಚೀಲ ಎಲ್ಲ ಬಸ್ಸಲ್ಲೇ ಇರ್ಲಿ! ಚೀಲ ತಂದ್ರೆ ಗೇಟಲ್ಲಿ ಒಂದೊಂದೇ ಬಿಚ್ಚಿ ನೋಡ್ತಾರೆ, ಮಧ್ಯಾಹ್ನ ಆಗ್ಬಿಡತ್ತೆ!"

"ತಲೈವರೇ, ಸೀರೆ ಒಂದನ್ನ..."

"ಇಳಿ ಇಳಿ, ಹಿಂದಿನವ್ರು ಇಳೀಬೇಕು!"

ಹಿಂದಿನವರು ತಳ್ಳಿದರು. ವೀರಾಯಿ ಇಳಿದಳು. ಡ್ರೈವರ್ ಬಾಗಿಲು ಹಾಕಿಕೊಂಡು ಬಸ್ಸನ್ನು ಎಲ್ಲೋ ದೂರ ನಿಲ್ಲಿಸಲು ಹೋದ.

ಒಳಗೆ ಸಂತನ ಮೂರ್ತಿ ಮುಟ್ಟಲು ಉದ್ದನೆಯ ಸಾಲು. ವೀರಾಯಿ ಎರಡು ಹೆಜ್ಜೆಗೊಮ್ಮೆ ತಿರುಗಿ ಬಾಗಿಲು ನೋಡುತ್ತಿದ್ದಳು. ಬಾಗಿಲ ತುಂಬ ಜನ, ಬೆಳಕು. ಸೊಂಟದವರೆಗೆ ಜಡೆಯಿದ್ದ ಹುಡುಗಿ ಎಲ್ಲೂ ಕಾಣಲಿಲ್ಲ. ಸಾಲು ಬಿಟ್ಟು ಬಾಗಿಲಿಗೇ ಹೋಗಿ ನಿಲ್ಲೋಣವೆಂದು ಒಮ್ಮೆ ಹೊರಳಿದಳು. ಪೆರಿಯಣ್ಣನ್ ಕಣ್ಣು ಬಿಟ್ಟ. ಕಾಲು ತಾನಾಗಿ ಸಾಲಿಗೇ ಮರಳಿತು. ಇಷ್ಟು ವರ್ಷ ಕಣ್ಣು ಬಿಟ್ಟವರಿಗೆಲ್ಲ ಹೆದರಿದ ಕಾಲು, ಆ ಒಂದು ದಿನಕ್ಕೆ ಬದಲಾಗುತ್ತದೆಯೇ?

ಅವಳ ಸರದಿ ಬಂತು. ಸಂತನ ಪಾದ ಮುಟ್ಟಿ, ತಲೆ ತಗ್ಗಿಸಿ, ಕಣ್ಣು ಮುಚ್ಚಿ ಬೇಡಿಕೊಂಡಳು: "ಅಪ್ಪಾ, ಮಗಳನ್ನ ಒಂದ್ಸಲ ಕಣ್ಣಿಗೆ ತೋರ್ಸು." ಬೇಡಿ ಬೇಡಿ ಕಣ್ಣು ತೆರೆದಾಗ ಹಿಂದಿನವರು ಅವಳನ್ನು ಪಕ್ಕದ ಬಾಗಿಲಿಗೆ ಸರಿಸಿದ್ದರು.

ಸಮುದ್ರದ ದಂಡೆಯ ಮೈದಾನದಲ್ಲಿ ಎಲ್ಲರೂ ನೀರಿಗೆ ಓಡಿದರು. ಹುಟ್ಟಿದಾಗಿನಿಂದ ಬೆಟ್ಟದ ಮೇಲೇ ಬದುಕಿದವರು, ಅಲೆಗೆ ಕಾಲು ಕೊಟ್ಟು ಮಕ್ಕಳ ಹಾಗೆ ಕಿರುಚಿದರು. ವೀರಾಯಿ ಚೀಲದಿಂದ ಹಸಿರು ಸೀರೆ ತೆಗೆದು ಹೆಗಲಿಗೆ ಹೊದ್ದು, ಸಮುದ್ರಕ್ಕೆ ಬೆನ್ನು ಮಾಡಿ ರಸ್ತೆಯ ಕಡೆ ನಿಂತಳು. ಭಾನುವಾರ ದೊಡ್ಡಮನೆಯವರೆಲ್ಲ ಇಲ್ಲಿಗೆ ಗಾಳಿಗೆ ಬರುತ್ತಾರೆಂದು ಯಾರೋ ಹೇಳಿದ್ದರು. ಬಂದರು, ಕಾರಿನ ಮೇಲೆ ಕಾರು. ಅವರ ಮಕ್ಕಳನ್ನು ಎತ್ತಿಕೊಂಡ ಹುಡುಗಿಯರೂ ಬಂದರು. ಎಲ್ಲರೂ ಬೇರೆಯವರ ಮಕ್ಕಳೇ.

ಮೃಗಾಲಯದಲ್ಲಿ ಆನೆ ಕಂಡಳೋ, ಜಿರಾಫೆ ಕಂಡಳೋ, ಇವತ್ತು ಕೇಳಿದರೂ ಹೇಳಲಾರಳು. ಬಸ್ಸು ಹತ್ತಿ ಕೂತ ಮೇಲೆ ಎದೆ ಗಟ್ಟಿ ಮಾಡಿ ತಿರುಗಿ ಮಾಡಕೂಡದ ಆ ನಂಬರಿಗೆ ಫೋನು ಮಾಡಿದಳು. ಎರಡು ಸಲ ಹೊಡೆದುಕೊಂಡಿತು. ಯಾರೋ ಕತ್ತರಿಸಿದರು.

ಕಿತುಲ್‌ಗಲ ಊರು ದಾಟಿ ಬೆಟ್ಟದ ಏರು ಶುರುವಾದಾಗ ಪಕ್ಕದ ಸೀಟಿನ ಕಾಮಾಚ್ಚಿ ಮೂಗರಳಿಸಿದಳು. ಹೋದ ತಿಂಗಳಷ್ಟೇ ಬೇರೆ ತೋಟದಿಂದ ಇಲ್ಲಿಗೆ ಬಂದು ನೆಲೆಸಿದವಳು, ಬಾಯಿಗೆ ಬೀಗವಿಲ್ಲ.

"ಏನಕ್ಕಾ, ಬೆಳಿಗ್ಗೆಯಿಂದ ರೊಟ್ಟಿ, ಸಾಂಬಾಲ್ ಚಟ್ನಿ ವಾಸ್ನೆ ತೋರ್ಸಿ ತೋರ್ಸಿ ಸಾಯಿಸ್ತಿದ್ದೀಯ. ಯಾರಿಗೆ ಕಟ್ಟಿಟ್ಟಿದ್ದೀಯ? ಮೊಮ್ಮಗನ ನಾಮಕರಣಕ್ಕಾ?"

"ಮಗಳಿಗೆ," ಎಂದಳು ವೀರಾಯಿ. "ಇಗರ್ಜಿಗೆ ಬರ್ತೀನಿ ಅಂದಿದ್ಳು. ಬರ್ಲಿಲ್ಲ."

ಕಾಮಾಚ್ಚಿ ಅವಳ ಕಡೆ ಸರಿದು ಕೂತಳು. ಆಮೇಲೆ ಮೆಲ್ಲಗೆ, "ಅಕ್ಕಾ, ನಾನು ಸಾಲಿನ ಕೊನೇಲಿ ಬಾಗಿಲ ಹತ್ರ ಇದ್ನಲ್ಲ, ಯಾರೋ ಒಂದು ಹುಡುಗಿ ಹಿಂದಿಂದ ಬಂದು 'ಅಮ್ಮಾ' ಅಂತ ಸೆರಗು ಎಳೀತು. ತಿರುಗಿದ್ರೆ ಅದರ ಮುಖ ಇಷ್ಟಾಯ್ತು. ನನ್ನ ಜೊತೆ ಬಂದ ಹಳೇ ತೋಟದವ್ರು ಇಬ್ರು ಮುಂದಿದ್ರು, ಅವರ ಮುಖಾನೂ ಬಗ್ಗಿ ನೋಡ್ತು. ಅಷ್ಟ್ರಲ್ಲಿ ಹೊರಗಿಂದ ಯಾರೋ ಹೆಂಗಸು ಗದರಿದ್ರು, ಓಡಿಹೋಯ್ತು."

ವೀರಾಯಿ ಅವಳ ಕೈ ಹಿಡಿದಳು. "ಜಡೆ ಇತ್ತಾ? ಸೊಂಟದ ತನಕ?"

"ಜಡೆ ಎಲ್ಲಿ ಬಂತಕ್ಕಾ! ಗಂಡು ಹುಡುಗನ ಹಾಗೆ ಕತ್ತರಿಸಿತ್ತು. ಕಂಕುಳಲ್ಲಿ ದೊಡ್ಡಮನೆ ಮಗು."

"ಹಾಗಾದ್ರೆ ನನ್ನ ಮಗಳಲ್ಲ." ವೀರಾಯಿಗೆ ಹೋದ ಉಸಿರು ಬಂತು. ಯಾರ ಮಗಳೋ, ಪಾಪ.

"ಅಲ್ಲವಾ? ಸದ್ಯ. ಎಡಹುಬ್ಬಿನ ಮೇಲೆ ಒಂದು ಸುಟ್ಟ ಕಲೆ ಬೇರೆ, ನೋಡಿದ್ರೆ ಅಯ್ಯೋ ಅನ್ನಿಸ್ತಿತ್ತು."

ಅಂಬೆಗಾಲಿಡುವಾಗ ಯೋಗ ಒಲೆಯ ಕೊಳ್ಳಿಗೆ ಮುಖ ಕೊಟ್ಟಿದ್ದಳು.

ವೀರಾಯಿ ಎದ್ದು ನಿಂತಳು. "ತಲೈವರೇ, ಬಸ್ ತಿರುಗ್ಸಿ," ಎಂದಳು. ಅವಳು ಅಷ್ಟು ಜೋರಾಗಿ ಮಾತಾಡಿದ್ದನ್ನು ಆ ಬಸ್ಸಿನವರಾರೂ ಹಿಂದೆ ಕೇಳಿರಲಿಲ್ಲ. ಪೆರಿಯಣ್ಣನ್ ಎದ್ದು ಬಂದ, ಕಾಮಾಚ್ಚಿಯಿಂದ ಎಲ್ಲ ಕೇಳಿದ. ಅವನೇನು ಕಟುಕನಲ್ಲ, ಅವನಿಗೂ ಮೂವರು ಹೆಣ್ಣುಮಕ್ಕಳು.

"ಹೇಗೆ ತಿರುಗ್ಸೋದಮ್ಮಾ," ಎಂದ, ಸೀಟಿಯನ್ನು ಅಂಗಿಯೊಳಗೆ ಹಾಕಿಕೊಂಡು. "ತಿರುಗ್ಸಿದ್ರೂ ಯಾವ ಬೀದಿ, ಯಾವ ಮನೆ, ಗೊತ್ತಾ ನಿಂಗೆ?"

ವೀರಾಯಿಗೆ ಗೊತ್ತಿರಲಿಲ್ಲ. ಕೂತಳು. ಬಸ್ಸು ಏರುತ್ತಲೇ ಇತ್ತು.

ಮುಂದಿನ ಶನಿವಾರ ಸಂಜೆ ಫೋನು ಬಂತು.

"ಯಾಕಮ್ಮ ಬರ್ಲಿಲ್ಲ?" ಯೋಗಳ ದನಿ ಸಣ್ಣದಾಗಿತ್ತು. "ಹಸಿರು ಎಲ್ಲೂ ಕಾಣ್ಲಿಲ್ಲ. ಯಾರೋ ನೀಲಿ ಸೀರೆಯವ್ರೇ ತುಂಬಿದ್ರು. ಒಬ್ರು ಹಿಂದಿಂದ ನಿನ್ನ ಹಾಗೇ ಇದ್ರು."

ವೀರಾಯಿ ಗೋಡೆಗೆ ಒರಗಿದಳು. ನಾನೂ ಅಲ್ಲೇ ಇದ್ದೆ ಎನ್ನಬೇಕೇ? ಅಂದರೆ ಮಗಳು ಆ ನೀಲಿ ಸೀರೆಗಳನ್ನು ಜೀವಮಾನವಿಡೀ ಒಂದೊಂದಾಗಿ ತಿರುಗಿಸಿ ನೋಡುತ್ತ ಕೂರುವಳು.

"ಜ್ವರ ಬಂದಿತ್ತು ಕಣಮ್ಮ. ನಾನು ಹೊರಡ್ಲೇ ಇಲ್ಲ."

"ಅಬ್ಬಾ! ಹೊರಟಿರ್ಲಿಲ್ವಾ? ನೀನು ಬಂದು, ನಾನೇ ನೋಡದೆ ಹೋದ್ನೇನೋ ಅಂತ ವಾರವೆಲ್ಲ ಕೊರಗ್ತಿದ್ದೆ." ಯೋಗ ನಕ್ಕಳು. "ಈಗ ಹೇಗಿದೆ ಜ್ವರ?"

"ಬಿಟ್ಟಿದೆ. ನೀನು ತಲೆಗೆ ಎಣ್ಣೆ ಹಚ್ಕೊಳ್ತೀಯ ತಾನೇ? ಜಡೆ ಹೇಗಿದೆ?"



"ಹಚ್ಕೊಳ್ತೀನಮ್ಮ. ಈಗ ಸೊಂಟಕ್ಕಿಂತ್ಲೂ ಕೆಳಗೆ ಬಂದಿದೆ."

"ಹೌದಾ ಮಗಳೇ," ಎಂದಳು ವೀರಾಯಿ.