ಸ್ವಲ್ಪ ಎಡಕ್ಕೆ ಬಾರೆ, ಬಂದರು ಕಾಣಲಿ

"ಸ್ವಲ್ಪ ಎಡಕ್ಕೆ ಬಾರೆ, ಹಿಂದೆ ಬಂದರು ಕಾಣ್ತಿಲ್ಲ" ಅಂದರು ಕ್ಯಾಮೆರಾ ಹಿಡಿದ ನಮ್ಮ ಯಜಮಾನರು. ಎಡಕ್ಕೆ ಹೋದೆ. "ಇನ್ನೂ ಸ್ವಲ್ಪ." ಹೋದೆ. ಅಲ್ಲಿ ದೋಣಿಯ ಹಗ್ಗ ಕಟ್ಟುವ ಕಬ್ಬಿಣದ ಗೂಟ ಇತ್ತು. ಮೊಣಕಾಲು ಬಡಿದು ಮುಗ್ಗರಿಸಿದೆ. ಯಾರೋ ಪುಣ್ಯಾತ್ಮ ತೋಳು ಹಿಡಿದುಕೊಂಡ. ಇಲ್ಲದಿದ್ದರೆ ನಾನು ದುಬ್ರೋವ್ನಿಕ್‌ನ ನೀರಿನಲ್ಲಿರುತ್ತಿದ್ದೆ, ನಿಮಗೆ ಈ ವಾರ ಅಂಕಣ ಇರುತ್ತಿರಲಿಲ್ಲ.

ಗೂಟ ಸಣ್ಣದೇನಲ್ಲ. ನಾನು ನೋಡದೆಯೂ ನಡೆಯಲಿಲ್ಲ. ನೇರ ಅದರ ಮೇಲೆಯೇ ಕಣ್ಣಿಟ್ಟಿದ್ದೆ. ಅದಕ್ಕೇ ಕಾಣಲಿಲ್ಲ.

ಇದನ್ನು ನಿಮಗೆ ಇದುವರೆಗೆ ಹೇಳಿರಲಿಲ್ಲ. ನನ್ನ ಕಣ್ಣು ಹೋಗುತ್ತಿದೆ. ಪೂರ್ತಿ ಅಲ್ಲ, ನಡುಭಾಗ ಮಾತ್ರ. ಪುಸ್ತಕ ತೆರೆದರೆ ಅಂಚಿನ ಸಾಲು ಕಾಣುತ್ತೆ, ಓದಬೇಕಾದ ಪದದ ಮೇಲೆ ಬೂದು ಮಸಿ. ಬಲಗಣ್ಣು ಮೊದಲೇ ಹೋಗಿತ್ತು. ನಮ್ಮ ಬಡಾವಣೆ ಫ್ಲ್ಯಾಟ್ ಬುಷ್‌ನಲ್ಲಿ ಕಾರಿಲ್ಲದೆ ಒಂದು ಬಾಟ್ಲಿ ಹಾಲು ತರುವುದೂ ಕಷ್ಟ, ನಾನು ಡ್ರೈವಿಂಗ್ ಬಿಟ್ಟಾಯಿತು. (ಈ ಬರಹವನ್ನೂ ಫೋನಿಗೆ ಬಾಯಲ್ಲಿ ಹೇಳಿ ಬರೆಸುತ್ತಿದ್ದೇನೆ. 'ಬಂದರು' ಅಂದರೆ ಹಡಗು ನಿಲ್ಲುವ ಜಾಗವೋ, ಯಾರೋ ಮನೆಗೆ ಬಂದದ್ದೋ ಅದಕ್ಕೆ ಗೊತ್ತಾಗುವುದಿಲ್ಲ. ತಪ್ಪಿದ್ದರೆ ಬೈಯಬೇಡಿ.)

ನನ್ನ ಕಣ್ಣಿನ ಡಾಕ್ಟರು ಕಿವಿ. (ನಗಬೇಡಿ, ಇಲ್ಲಿಯವರನ್ನು ಹಾಗೇ ಕರೆಯುವುದು.) ನನಗೆ ಬಂದಿರುವ ಬಗೆಯ ಕಾಯಿಲೆಗೆ ಔಷಧ ಇಲ್ಲ ಅಂದರು. ನೋಡಬೇಕು ಅಂತ ಏನಾದರೂ ಇದ್ದರೆ ತಡಮಾಡದೆ ನೋಡಿಬಿಡಿ ಅಂತಲೂ ಮೆತ್ತಗೆ ಸೇರಿಸಿದರು.

ನಮ್ಮ ಯಜಮಾನರು ಎಂಜಿನಿಯರು. ಇನ್‌ಸ್ಟ್ರಕ್ಷನ್ ಸಿಕ್ಕಿತು, ಕೆಲಸ ಶುರು. ಮೆಡಿಟರೇನಿಯನ್ ಕ್ರೂಸ್ ಬುಕ್ ಆಯಿತು. ಹೊಸ ಕ್ಯಾಮೆರಾ ಬಂತು, ಚೊಂಬಿನಷ್ಟು ದಪ್ಪದ ಲೆನ್ಸ್ ಸಮೇತ.

ಬೆಳಗಾದರೆ ಹೊಸ ಬಂದರು. ಗುಲಾಬಿ ಮನೆ, ಹಸಿರು ಕಿಟಕಿ, ಕೋಟೆ, ಗಂಟೆ ಗೋಪುರ. ಇಳಿದ ತಕ್ಷಣ ನಿಲ್ಲು, ತಿರುಗು, ನಗು. ಮಾಲ್ಟಾದಲ್ಲಿ ಮೀನುಗಾರರು ದೋಣಿಯ ಮೂತಿಗೆ ಎರಡು ಕಣ್ಣು ಬರೆದಿರುತ್ತಾರೆ, ಸಮುದ್ರದಲ್ಲಿ ಕೇಡಾಗದಿರಲಿ ಅಂತ. ಹಳದಿ, ನೀಲಿ, ಕೆಂಪು ದೋಣಿಗಳು. ನೇರ ನೋಡಿದರೆ ಮಾಯ, ಓರೆಯಾಗಿ ನೋಡಿದರೆ ಹಾಜರ್. ಕೋಳಿಯ ಹಾಗೆ ಕತ್ತು ವಾಲಿಸಿಕೊಂಡು ನಿಂತೆ. ಮರದ ದೋಣಿಗೂ ಎರಡು ಕಣ್ಣು ನೆಟ್ಟಗಿವೆಯಲ್ಲ ಅಂತ ಹೊಟ್ಟೆ ಉರಿಯಿತು. ದೋಣಿಯನ್ನು ನೋಡಿ ಹೊಟ್ಟೆಕಿಚ್ಚು ಪಡುವ ಕಾಲವೂ ಬಂತು.

"ರೀ, ಆ ಕ್ಯಾಮೆರಾ ಕೆಳಗಿಡಿ. ಸ್ವಲ್ಪ ಹೊತ್ತು ಇಲ್ಲಿ ಕೂತ್ಕೊಳಿ" ಅಂದೆ.

"ಇರೇ, ಬೆಳಕು ಹೋಗ್ಬಿಡತ್ತೆ."

ಬೆಳಕು ಹೋಗುತ್ತೆ ಅಂತ ನನಗೆ ಹೇಳುತ್ತಾರೆ.

"ಆಮೇಲೆ ಮನೇಲಿ ದೊಡ್ಡ ಟೀವೀಲಿ ಆರಾಮಾಗಿ ನೋಡ್ಬಹುದು ಕಣೆ" ಅಂತ ಬೇರೆ ಸಮಾಧಾನ. ಆಮೇಲೆ ಅನ್ನುವುದು ನನ್ನ ಹತ್ತಿರ ಎಲ್ಲಿದೆ? ಅವರು ಆಗಲೇ ಇನ್ನೊಂದು ಲೆನ್ಸ್ ಹಾಕುತ್ತಿದ್ದರು. ನನ್ನ ಕಣ್ಣಿಗೆ ಅವರು ಮಾಡಬಹುದಾದ್ದು ಏನೂ ಇಲ್ಲ. ಬಟನ್ ಒತ್ತುವುದೊಂದೇ ಕೈಲಿರುವ ಕೆಲಸ.

ನೀವೇನು ಕಮ್ಮಿ? ಕನ್ನಡ ಕೂಟದ ವೇದಿಕೆಯ ಮೇಲೆ ಮಗಳು ಕುಣಿಯುತ್ತಿರುತ್ತಾಳೆ, ಅಪ್ಪ ಅಂಗೈಯಗಲದ ಪರದೆ ನೋಡುತ್ತಿರುತ್ತಾನೆ. ಆ ವಿಡಿಯೊ ಮತ್ತೆ ಹಾಕಿ ನೋಡಿದ್ದೀರಾ? ನಿಜ ಹೇಳಿ. ನಮಗೆಲ್ಲ ನೋಡುವುದಕ್ಕೆ ಪುರುಸೊತ್ತಿಲ್ಲ, ಕೂಡಿಡುವುದಕ್ಕೆ ಇದೆ. ನಾಳೆಯೂ ಕಣ್ಣು ಇರುತ್ತೆ ಅನ್ನುವ ಧೈರ್ಯ ನೋಡಿ ನಿಮ್ಮದು. ನನಗೂ ಇತ್ತು.

ಕಳೆದ ಶನಿವಾರ ಹತ್ತಿರದ ಪಾಪಕುರಾದಿಂದ ಗೆಳತಿ ಸುಜಾತ ಬಂದಿದ್ದಳು. ಟೀವಿಯಲ್ಲಿ ಫೋಟೊ ಪ್ರದರ್ಶನ. ಯಜಮಾನರಿಂದ ವೀಕ್ಷಕ ವಿವರಣೆ. ಒಂದೊಂದು ಫೋಟೊದ ಅಂಚಿನಲ್ಲೂ ನನಗೆ ಬಂದರು ಕಂಡಿತು. ದೋಣಿಯ ಹಾಯಿಕಂಬ, ಕಲ್ಲಿನ ಮೆಟ್ಟಿಲು, ಬಿಸಿಲು ಬಿದ್ದ ಗೋಡೆ. ನಡುವೆ ಮಾತ್ರ ಮಸಿ. ಆ ಮಸಿಯಲ್ಲಿ ನಾನಿದ್ದೆನಂತೆ.

"ಎಷ್ಟು ಚೆನ್ನಾಗಿ ನಗ್ತಿದೀರ ನೀವು" ಅಂದಳು ಸುಜಾತ. ಇರಬಹುದು. ನಗು ಅಂದಾಗೆಲ್ಲ ನಕ್ಕಿದ್ದೆ.

ಒಂದಷ್ಟು ಊರು ದಾಟಿದ ಮೇಲೆ ಅವಳೇ ಕೇಳಿದಳು. "ಅಲ್ಲಾ, ಒಂದ್ರಲ್ಲೂ ರಮೇಶ್ ಇಲ್ವಲ್ರೀ?"

"ತೆಗ್ಯೋನು ನಾನು, ನಾನ್ಹೇಗೆ ಇರ್ತೀನಿ?" ಅಂತ ಯಜಮಾನರು ನಕ್ಕರು.

ನಗು ಬಂದ ಕಡೆ ತಿರುಗಿದೆ. ಒಂದು ಕಿವಿ, ಅಂಗಿಯ ಕಾಲರು, ಮೇಲೆ ಚೂರು ಬಿಳಿ ಕೂದಲು. ನಡುವೆ ಏನೂ ಇಲ್ಲ. ಕತ್ತು ಆಚೆ ವಾಲಿಸಿದೆ, ಈಚೆ ವಾಲಿಸಿದೆ. ಕಣ್ಣು ಸಿಗಲಿಲ್ಲ, ಮೂಗು ಸಿಗಲಿಲ್ಲ. ಹಡಗು ಹತ್ತುವ ದಿನ ಎಡಗಣ್ಣಿಗೆ ಈ ಮುಖ ಕಂಡಿತ್ತು, ಗಲ್ಲದ ಮೇಲಿನ ಮಚ್ಚೆ ಸಮೇತ. ಬಂದರಿಂದ ಬಂದರಿಗೆ ಹೋಗುವಷ್ಟರಲ್ಲಿ ಎಡಗಣ್ಣೂ ಕೈಕೊಟ್ಟಿತು. ಆಗೆಲ್ಲ ಆ ಮುಖ ಕ್ಯಾಮೆರಾದ ಹಿಂದಿತ್ತು.

ಸುಜಾತ ಹೊರಟಳು, ಇವರು ಬಾಗಿಲವರೆಗೆ ಬಿಡಲು ಹೋದರು. ಟೀವಿಯಲ್ಲಿ ಫೋಟೊಗಳು ತಮ್ಮ ಪಾಡಿಗೆ ಓಡುತ್ತಲೇ ಇದ್ದವು. ನಾನು ಕೂತು ಒಂದೊಂದೇ ಊರಿನ ಹೆಸರು ಹೇಳಿಕೊಂಡೆ. ವ್ಯಾಲೆಟ್ಟಾ, ಕೋಟೋರ್, ದುಬ್ರೋವ್ನಿಕ್.

ಇವರ ಮುಖ ನಾನು ಕೊನೆಯ ಸಲ ನೋಡಿದ್ದು ಯಾವ ಬಂದರಿನಲ್ಲಿ?