ಮೆಟ್ಟಿಲ ಕೆಳಗಿನ ಕೋಣೆ

ಚರ್ಚಿನ ಪಕ್ಕದ ಹಳೆಯ ಪಾದ್ರಿ ಮನೆ ಮ್ಯೂಸಿಯಂ ಆದಮೇಲೆ, ಅದರ ಬಗ್ಗೆ ಎಲ್ಲ ಗೊತ್ತಿದೆಯೆಂದು ಸಂಬಳ ಎಣಿಸುತ್ತಿದ್ದವನು ಗೈಡು. ನಿಜವಾಗಿ ಗೊತ್ತಿದ್ದದ್ದು ಕಸ ಗುಡಿಸುವ ಅಜ್ಜಿಗೆ. ಈ ಏರ್ಪಾಟಿನ ಬಗ್ಗೆ ಇಬ್ಬರಿಗೂ ತಕರಾರಿರಲಿಲ್ಲ.

ಗೈಡಿಗೆ ಇಪ್ಪತ್ತಾರು ವರ್ಷ, ಗುತ್ತಿಗೆ ಕೆಲಸ. ಕೊರಳಲ್ಲಿ ಗುರುತಿನ ಚೀಟಿ, ಬಾಯಲ್ಲಿ ಉರು ಹೊಡೆದ ನಾಲ್ಕು ಪುಟ. "ಗೋಡೆಗಳು ಮೂರಡಿ ದಪ್ಪ, ಗಮನಿಸಿ. ಓದುವ ಕೋಣೆಯ ಕಿಟಕಿ ಚರ್ಚಿನ ಬಾಗಿಲಿಗೆ ನೇರ. ಯಾರು ತಡವಾಗಿ ಬಂದರೂ ಪಾದ್ರಿಗಳಿಗೆ ಕೂತಲ್ಲೇ ಕಾಣುತ್ತಿತ್ತು!" ಇಲ್ಲಿ ಜನ ನಗಬೇಕು. ನಗದಿದ್ದರೆ ಅವನೇ ನಕ್ಕು ಮುಂದಿನ ಕೋಣೆಗೆ ನಡೆಯುತ್ತಿದ್ದ.

"ಗೈಡಪ್ಪ, ಆ ಕಿಟಕಿ ತೆಗೀತಾನೇ ಇರ್ಲಿಲ್ಲ. ಫಾದರ್‌ಗೆ ಗಾಳಿ ಆಗ್ತಿರ್ಲಿಲ್ಲ," ಎನ್ನುತ್ತಿದ್ದಳು ಅಜ್ಜಿ, ಜನ ಹೋದಮೇಲೆ.

"ಬಿಡಿ ಅಜ್ಜಿ, ಜನ ನಗ್ತಾರಲ್ಲ."

"ಎಲ್ಲಿ ನಗ್ತಾರೆ? ನೀನೊಬ್ಬನೇ ನಗ್ತೀಯ."

ಗಂಡ ತೀರಿಕೊಂಡಾಗ ಅವಳಿಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಅದೇ ವರ್ಷ ಈ ಮನೆಗೆ ಅಡುಗೆಗೆ ಬಂದಳು. ನಲವತ್ತೆರಡು ವರ್ಷ, ಒಬ್ಬರ ನಂತರ ಒಬ್ಬರಂತೆ ನಾಲ್ವರು ಪಾದ್ರಿಗಳು. ಮಹಡಿಗೆ ಹೋಗುವ ಹದಿಮೂರು ಮರದ ಮೆಟ್ಟಿಲುಗಳ ಕೆಳಗೆ ಹಲಗೆ ಹೊಡೆದು ಅವಳಿಗೊಂದು ಕೋಣೆ ಮಾಡಿಕೊಟ್ಟಿದ್ದರು. ನಿಂತರೆ ತಲೆ ತಾಗುತ್ತಿತ್ತು, ಮಲಗಿದರೆ ಸರಿಯಾಗುತ್ತಿತ್ತು. ಕೊನೆಯ ಪಾದ್ರಿ ಹೋದಮೇಲೆ ಅವಳು ತಂಗಿಯ ಮನೆ ಸೇರಿದಳು. ಅಲ್ಲಿ ಅವಳ ಪಾಲಿಗೆ ಬಂದದ್ದು ಹಜಾರದ ಮೂಲೆಯಲ್ಲೊಂದು ಚಾಪೆ. ಈಗ ಇಲ್ಲಿ ಕಸ ಗುಡಿಸಲು ಬಂದಾಗಲೂ ಮಧ್ಯಾಹ್ನ ಉಂಡು, ಮೆಟ್ಟಿಲ ಕೆಳಗಿನ ತನ್ನ ಮಂಚದ ಮೇಲೆ ಅರ್ಧ ಗಂಟೆ ಅಡ್ಡಾಗದಿದ್ದರೆ ಅವಳಿಗೆ ದಿನ ಕಳೆದಂತಾಗುತ್ತಿರಲಿಲ್ಲ.

ಮನೆಯನ್ನು ಮೊದಲು ಹೇಗಿತ್ತೋ ಹಾಗೇ ಮಾಡಬೇಕೆಂದು ಮೇಲಿನವರು ಒಬ್ಬ ಎಂಜಿನಿಯರನ್ನು ಕಳಿಸಿದರು. ಕೋಣೆಗಳ ಅಳತೆ ಬರೆದುಕೊಡುವ ಕೆಲಸ ಗೈಡಿನ ತಲೆಗೆ ಬಿತ್ತು. ಮೆಟ್ಟಿಲ ಹತ್ತಿರ ಬರುವ ಹೊತ್ತಿಗೆ ಹೊಟ್ಟೆ ತಾಳ ಹಾಕುತ್ತಿತ್ತು. ಬಗ್ಗಿ ಇಣುಕಿದ. ಮಂಚ, ಟ್ರಂಕು, ಎರಡು ಪೊರಕೆ. ಒಳಗೆ ನುಗ್ಗಿದರೆ ಇಸ್ತ್ರಿ ಮಾಡಿದ ಅಂಗಿ ಕೆಡುತ್ತದೆ. ಹೊರಗೆ ನಿಂತೇ 'ಸಾಮಾನಿನ ಗೂಡು, ಈಚಿನದು' ಎಂದು ಗೀಚಿ ಊಟಕ್ಕೆ ಹೋದ.

ಮುಂದಿನ ವಾರ ನಕ್ಷೆ ಗೋಡೆಗೆ ಬಂತು, ಪಕ್ಕದಲ್ಲೇ ಗೈಡು ಬರೆದುಕೊಟ್ಟ ಅಳತೆಯ ಪಟ್ಟಿ. ಕೆಡವಬೇಕಾದ ಈಚಿನದೆಲ್ಲದರ ಮೇಲೂ ಕೆಂಪು ಗೀಟು.

"ನನ್ನ ಕೋಣೆ ಮೇಲೆ ಗೀಟು ಯಾಕಪ್ಪ?"

"ಎಂಜಿನಿಯರ್‌ದು ಏನೋ ಇರುತ್ತೆ ಅಜ್ಜಿ."

"ಅಕ್ಷರ ನಿಂದೇ ಅಲ್ವಾ? ಸಾಮಾನಿನ ಗೂಡು." ಅವಳು ಅವನ ಮುಖವನ್ನೇ ನೋಡಿದಳು. "ನಾನು ಸಾಮಾನೇನೋ?"

ಗೈಡು ಕೊರಳಿನ ಗುರುತಿನ ಚೀಟಿಯನ್ನು ತಿರುವಿ ಹಾಕಿದ.

"ಬಾ, ಕೂತ್ಕೋ," ಎಂದು ಅವನನ್ನು ಮಂಚದ ಮೇಲೆ ಕೂರಿಸಿ, ಬಾಗಿಲು ಮುಂದೆ ಮಾಡಿ ಅವಳು ಮೆಟ್ಟಿಲು ಹತ್ತತೊಡಗಿದಳು. ಹಲಗೆ ಗೋಡೆಯೆಲ್ಲ ದನಿಗೂಡಿಸಿತು. ಧಡ್ ಧಡ್ ಎಂದು ಹತ್ತಿ, "ಇದು ಮೊದಲನೇ ಫಾದರು, ಸಿಟ್ಟು ಜಾಸ್ತಿ," ಎಂದಳು. ಇಳಿದು ಬಂದು ಒಂದು ಕಾಲು ಎಳೆಯುತ್ತಾ ಹತ್ತಿ, "ಇದು ಎರಡನೆಯವರು." ಮೂರನೆಯವರು ಬೆಕ್ಕಿನ ಹಾಗೆ ಬಂದರು. ನಾಲ್ಕನೆಯವರು ಒಂದೊಂದೇ ಮೆಟ್ಟಿಲೇರಿ ಏಳನೆಯದರಲ್ಲಿ ನಿಂತು ಉಸಿರು ತೆಗೆದುಕೊಂಡರು. ಆ ಉಸಿರು ಅಜ್ಜಿಯದು ಎಂಬುದು ಗೈಡಿಗೆ ಒಂದು ಗಳಿಗೆ ಮರೆತೇಹೋಯಿತು.

ಅವಳು ಕೆಳಗೆ ಬಂದು ಬಾಗಿಲಲ್ಲಿ ನಿಂತಳು. "ಒಂದು ಬೆಳಿಗ್ಗೆ ಇಲ್ಲೇ ಕೂತು ತಲೆ ಬಾಚ್ಕೋತಿದ್ದೆ. ಏಳು ಕೇಳಿಸ್ತು, ಎಂಟು ಬರ್ಲೇ ಇಲ್ಲ. ಕಾದೆ, ಬರ್ಲಿಲ್ಲ. ಓಡಿ ಹೋಗಿ ನೋಡಿದ್ರೆ ಏಳನೇದರ ಮೇಲೆ ಕೂತಿದ್ರು. ಕೈ ಹಿಡ್ಕೊಂಡೆ. 'ನಿಂಗೆ ಹೇಗೆ ಗೊತ್ತಾಯ್ತಮ್ಮ' ಅಂದ್ರು. ಅಷ್ಟೇ ಅಂದಿದ್ದು. ಕೋಣೆ ಇಲ್ದಿದ್ರೆ ಒಬ್ರೇ ಹೋಗ್ತಿದ್ರಪ್ಪ."

"ನಾಳೆನೇ ಬರೆದುಕೊಡ್ತೀನಿ ಅಜ್ಜಿ. ನನ್ನ ತಪ್ಪು."

ಬರೆಯಲು ಕುಳಿತ, ನಿಜ. ಆದರೆ ತಾನು ತಪ್ಪು ಬರೆದೆ ಎಂಬುದನ್ನು ತಪ್ಪೇ ಆಗಿಲ್ಲವೇನೋ ಎಂಬಂತೆ ಬರೆಯುವುದು ಹೇಗೆ? ಗುತ್ತಿಗೆ ಮುಂದುವರಿಯಬೇಕಲ್ಲ. ಮೂರು ಸಲ ಹರಿದು ಬರೆದ. ಒಂದು ದಿನ ಶಾಲೆ ಮಕ್ಕಳ ದಂಡು ಬಂತು, ಇನ್ನೊಂದು ದಿನ ಎಂಜಿನಿಯರ್ ಇರಲಿಲ್ಲ, ಮತ್ತೊಂದು ದಿನ ಅವನು ಬಂದಿದ್ದರೂ ಇವನು ಧೈರ್ಯ ಸಾಲದೆ ಟೀ ಕುಡಿಯಲು ಹೋಗಿದ್ದ. ಮಾರನೆಯ ದಿನ ವಾರದ ರಜೆ, ಹೊದ್ದು ಮಲಗಿದ.

ರಜೆ ಮುಗಿಸಿ ಬಂದಾಗ ಬಡಗಿಗಳು ಕೆಲಸ ಮುಗಿಸಿ ಹೋಗಿದ್ದರು. ಹಲಗೆ ಒಂದೂ ಇರಲಿಲ್ಲ. ಮೆಟ್ಟಿಲುಗಳಿಗೆ ಹೊಸ ಮೊಳೆ ಬಿಗಿದು ಕಿರುಗುಟ್ಟದಂತೆ ಮಾಡಿದ್ದರು. ಮುಂಬಾಗಿಲಿಂದ ಬೀದಿಯ ಗಾಡಿಗಳ ಸದ್ದು ನೇರವಾಗಿ ಒಳನುಗ್ಗುತ್ತಿತ್ತು. ಮಂಚವನ್ನು ಪಕ್ಕದ ಕೋಣೆಯಲ್ಲಿಟ್ಟು, 'ಮುಟ್ಟಬಾರದು' ಎಂಬ ಚೀಟಿ ಕಟ್ಟಿದ್ದರು.

ಅಜ್ಜಿ ಬರಿ ನೆಲದ ಮೇಲೆ, ಮಂಚವಿದ್ದ ಜಾಗದಲ್ಲಿ, ಗೋಡೆಗೆ ಮುಖ ಮಾಡಿ ಕುಳಿತಿದ್ದಳು. ಗೈಡಿನ ಕೈ ಜೇಬಿನಲ್ಲಿದ್ದ ಅರ್ಜಿಯ ಮೇಲೇ ಇತ್ತು.

"ಬಂದ್ಯಾ? ಒಂದ್ಸಲ ಹತ್ತಪ್ಪ. ಕೊನೇ ಫಾದರ್ ಹಾಗೆ."

ಅವನು ಬೂಟು ಊರಿ ಊರಿ ಹತ್ತಿದ. ಏಳರಲ್ಲಿ ನಿಂತ.

ಬಹಳ ಹೊತ್ತಿನ ಮೇಲೆ ಕೆಳಗಿಂದ ದನಿ ಬಂತು. "ಶುರು ಮಾಡೋ."

"ಅಜ್ಜಿ... ಏಳರಲ್ಲಿ ನಿಂತಿದ್ದೀನಿ."

"ಹೌದಾ," ಎಂದಳು ಅಜ್ಜಿ.

ಅವನು ಅಲ್ಲೇ ಕುಳಿತ. ಅಜ್ಜಿ ಗೋಡೆ ಹಿಡಿದು ಎದ್ದು, ಪೊರಕೆ ತೆಗೆದುಕೊಂಡು, ಅವನನ್ನು ದಾಟಿ ಮೇಲೆ ಹೋದಳು. ಹದಿಮೂರರಿಂದ ಒಂದೊಂದಾಗಿ ಗುಡಿಸುತ್ತಾ ಇಳಿದಳು. ಬಡಗಿಗಳು ಬಿಟ್ಟುಹೋದ ಮರದ ಪುಡಿ ಪೊರಕೆಯ ಮುಂದೆ ಉದುರುತ್ತಾ ಬಂತು. ಎಂಟನೆಯದು ಮುಗಿಸಿ ಅವನ ಬೆನ್ನ ಹಿಂದೆ ನಿಂತಳು.

"ಕಾಲೆತ್ತು, ಗೈಡಪ್ಪ."

ಅವನು ಕಾಲೆತ್ತಿದ.